ಹಿಲ್ಸ್‌ಬರೋ, 15 ಏಪ್ರಿಲ್ 1989: ಆ ಶನಿವಾರ ನಿಮಗೆ ಹೇಗೆ ನೆನಪಿದೆ?

ಹಳೇ ರೇಡಿಯೊ:

ನಮ್ಮಲ್ಲಿ ಎಂಬತ್ತರ ದಶಕದಲ್ಲಿ ಇಂಗ್ಲೆಂಡಿಗೆ ಬಂದವರು ಸುಮಾರು ಜನ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ಆ ಮಧ್ಯಾಹ್ನ ಕಾಲ್ತುಳಿತ ಆಯಿತಲ್ಲ, ಆ ದಿನ ನೀವೆಲ್ಲಿದ್ದಿರಿ? ನನ್ನದನ್ನು ಮೊದಲು ಹೇಳಿಬಿಡುತ್ತೇನೆ. ಇಷ್ಟು ವರ್ಷ ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ.

ಆಗ ನಾನು ಶೆಫೀಲ್ಡ್‌ನಲ್ಲಿ ಓದುತ್ತಿದ್ದೆ. ಮೈದಾನಕ್ಕೆ ಐದು ನಿಮಿಷದ ನಡಿಗೆ, ಅಂಥ ಒಂದು ಬೀದಿಯಲ್ಲಿ ಬಾಡಿಗೆ ಕೋಣೆ. ಮನೆಯೊಡತಿಗೆ ಅರವತ್ತು ದಾಟಿತ್ತು, ಒಬ್ಬರೇ ಇದ್ದರು. ನನಗೆ ಫುಟ್‌ಬಾಲ್ ಅಷ್ಟಕ್ಕಷ್ಟೆ. ಆದರೆ ಪಂದ್ಯದ ದಿನ ಆ ಬೀದಿಗೆ ಬರುತ್ತಿದ್ದ ಕಳೆ ಇಷ್ಟ. ಆವತ್ತು ಎಫ್‌ಎ ಕಪ್ ಸೆಮಿಫೈನಲ್, ಲಿವರ್‌ಪೂಲ್‌ಗೂ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೂ. ಹಿಂದಿನ ವರ್ಷವೂ ಇದೇ ಎರಡು ತಂಡ, ಇದೇ ಮೈದಾನ, ಇದೇ ಸೆಮಿಫೈನಲ್. ಒಳ್ಳೆ ಬಿಸಿಲು ಬೇರೆ. ಹುಡುಗರು ಕೋಟು ತೆಗೆದು ಹೆಗಲ ಮೇಲೆ ಹಾಕಿಕೊಂಡು ಹೋಗುತ್ತಿದ್ದರು.

ಮೂರು ಗಂಟೆಗೆ ಪಂದ್ಯ ಶುರುವಾದ ಕೂಗು ಹಿತ್ತಿಲಿಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅದು ನಿಂತೇ ಹೋಯಿತು. ಆ ಬೀದಿಯಲ್ಲಿದ್ದವರಿಗೆ ಮೈದಾನದ ಸದ್ದು ಚೆನ್ನಾಗಿ ಗೊತ್ತು. ಗೋಲ್ ಆದರೆ ಒಂಥರಾ, ತಪ್ಪಿದರೆ ಇನ್ನೊಂಥರಾ. ಇದು ಎರಡೂ ಅಲ್ಲ. ಮನೆಯೊಡತಿ ಕೈಯಲ್ಲಿದ್ದ ಬಟ್ಟೆ ಹಾಗೇ ಹಿಡಿದು ನಿಂತರು. ಆಮೇಲೆ ಸೈರನ್ ಶುರುವಾಯಿತು. ಒಂದಾದ ಮೇಲೆ ಒಂದು, ನಿಲ್ಲಲೇ ಇಲ್ಲ.

ನಾಲ್ಕು ಗಂಟೆ ದಾಟಿದ ಮೇಲೆ ಬಾಗಿಲು ಬಡಿದರು. ಇಬ್ಬರು ಹುಡುಗರು. "ಮನೆಗೆ ಒಂದು ಫೋನ್ ಮಾಡಬಹುದಾ?" ಅಂದರು. ಆಗ ಮೊಬೈಲ್ ಎಲ್ಲಿ? ಬೂತ್‌ಗಳ ಮುಂದೆ ಆಗಲೇ ಉದ್ದುದ್ದ ಸಾಲು. ಮನೆಯೊಡತಿ ಬಾಗಿಲು ಪೂರ್ತಿ ತೆರೆದು ಒಂದು ಕುರ್ಚಿ ಅಡ್ಡ ಇಟ್ಟುಬಿಟ್ಟರು, ಮುಚ್ಚಬಾರದು ಅಂತ. ಸ್ವಲ್ಪ ಹೊತ್ತಿಗೆ ನಮ್ಮ ಮನೆ ಮುಂದಿನ ಸಾಲು ಫುಟ್‌ಪಾತ್‌ವರೆಗೂ ಹೋಯಿತು. ಆ ಬೀದಿಯ ಎಷ್ಟೋ ಮನೆಗಳಲ್ಲಿ ಹೀಗೇ ಆಯಿತು. ಫೋನ್ ಮೆಟ್ಟಿಲ ಕೆಳಗಿತ್ತು. ನಾನು ಟೀ ಮಾಡಿ ಮಾಡಿ ಕೊಡುತ್ತಿದ್ದೆ. ಒಬ್ಬೊಬ್ಬರೂ ಮಾತಾಡಿದ್ದು ಮೂರು ನಾಲ್ಕು ಮಾತು, ಅಷ್ಟೆ. "ಅಮ್ಮ, ನಾನು. ಏನೂ ಆಗಿಲ್ಲ. ಇಡ್ತೀನಿ, ಹಿಂದೆ ಜನ ಇದ್ದಾರೆ."

ಅವರಲ್ಲಿ ಒಬ್ಬ ಹುಡುಗ, ಹದಿನಾರೋ ಹದಿನೇಳೋ. ಒಂದು ಕಾಲಲ್ಲಿ ಶೂ ಇರಲಿಲ್ಲ. ಅವನ ಮನೆಯಲ್ಲಿ ಯಾರೂ ಫೋನ್ ಎತ್ತಲಿಲ್ಲ. ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತ. ಹೀಗೆ ಮೂರು ಸಲ. ಮನೆಯೊಡತಿ "ಇಲ್ಲೇ ಇರಪ್ಪ, ಇನ್ನೊಮ್ಮೆ ಮಾಡು" ಅಂದರೂ ಕೇಳಲಿಲ್ಲ. ತನ್ನ ಸರದಿಗೇ ಕಾದ. ನಾಲ್ಕನೇ ಸಲ ಆ ಕಡೆಯಿಂದ ಯಾರೋ ಎತ್ತಿದರು. ಅವನು ಹೇಳಿದ್ದು: "ನಾನಿದ್ದೀನಿ. ಅಣ್ಣ ಸಿಕ್ಕಿಲ್ಲ." ಫೋನ್ ಇಟ್ಟು, ನನಗೆ ಥ್ಯಾಂಕ್ಸ್ ಹೇಳಿ, ಹೊರಟುಹೋದ.

ಇಲ್ಲಿವರೆಗೆ ಹೇಳುವುದು ನನಗೆ ಸುಲಭ. ಮುಂದಿನದು ಕಷ್ಟ.

ಬುಧವಾರ ಒಂದು ದೊಡ್ಡ ಪತ್ರಿಕೆ ಮುಖಪುಟದಲ್ಲಿ ಬರೆಯಿತು. ಅಭಿಮಾನಿಗಳು ಕುಡಿದಿದ್ದರು, ಸತ್ತವರ ಜೇಬಿಗೆ ಕೈ ಹಾಕಿದರು ಅಂತ. ಗೇಟನ್ನು ಅವರೇ ಮುರಿದರು ಅನ್ನುವ ಮಾತು ಶನಿವಾರವೇ ಹಬ್ಬಿತ್ತು. ಲ್ಯಾಬ್‌ನಲ್ಲಿ ಟೀ ಕುಡಿಯುವಾಗ ನಾನೂ ಅದನ್ನೇ ಹೇಳಿದೆ. "ಕುಡಿದು ಬಂದು ಗೇಟ್ ಮುರಿದರಂತಲ್ಲ." ಅಲ್ಲಿ ಲಿವರ್‌ಪೂಲ್‌ನವರಾದ ಸಹೋದ್ಯೋಗಿ ಒಬ್ಬರು ಕೂತಿದ್ದರು. ಕಪ್ಪು ಕೆಳಗಿಟ್ಟರು. ನನ್ನನ್ನು ನೋಡಿದರು. ಎದ್ದು ಹೋದರು. ಅವರು ಆ ವಾರ ಯಾರ ಮಣ್ಣಿಗೆ ಹೋಗಿ ಬಂದರು ಅಂತ ನನಗೆ ಆಮೇಲೆ ಗೊತ್ತಾಯಿತು. ನಾನು ಅಲ್ಲಿ ಇರುವವರೆಗೂ ಅವರು ನನ್ನ ಜೊತೆ ಮಾತಾಡಲಿಲ್ಲ.

ನನ್ನನ್ನು ಕೊರೆಯುವುದು ಏನು ಗೊತ್ತಾ? ಆ ಹುಡುಗರು ನನ್ನಿಂದ ಒಂದು ಮೊಳ ದೂರದಲ್ಲಿ ನಿಂತಿದ್ದರು. ಟೀ ಕಪ್ಪು ಕೈಗೆ ಕೊಟ್ಟವನು ನಾನು. ಒಬ್ಬನೂ ಕುಡಿದಿರಲಿಲ್ಲ. ನನ್ನ ಕಣ್ಣು ಕಂಡದ್ದನ್ನು ಬಿಟ್ಟು ಅಚ್ಚಾದದ್ದನ್ನು ನಂಬಿದೆ.

ಕೆಂಪು ಮಫ್ಲರ್:

ಸಾರ್, ಇದನ್ನು ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಬೇಜಾರಿನಿಂದ ಅಲ್ಲ. ನಾನು ಆ ದಿನ ಒಳಗಿದ್ದೆ.

ನನಗೆ 13 ವರ್ಷ. ಅಪ್ಪ ಲಿವರ್‌ಪೂಲ್‌ನಲ್ಲಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್. ಅವರ ಪೇಷಂಟ್ ಒಬ್ಬರು ಬರಲಾಗದೆ ಎರಡು ಟಿಕೆಟ್ ಕೊಟ್ಟಿದ್ದರು. ವೆಸ್ಟ್ ಸ್ಟ್ಯಾಂಡ್‌ನಲ್ಲಿ, ಕೂರುವ ಜಾಗ. ಅಂದರೆ ಲೆಪ್ಪಿಂಗ್ಸ್ ಲೇನ್ ಟೆರೇಸ್‌ನ ಸರಿಯಾಗಿ ಮೇಲೆ. ಟೆರೇಸ್ ಅಂದರೆ ಕೆಳಗೆ ನಿಂತು ನೋಡುವ ಜಾಗ. ಅದನ್ನು ಕಬ್ಬಿಣದ ಬೇಲಿ ಹಾಕಿ ಭಾಗ ಮಾಡಿದ್ದರು. ಅದಕ್ಕೆ 'ಪೆನ್' ಅನ್ನುತ್ತಿದ್ದರು. ದನ ಕೂಡುವ ದೊಡ್ಡಿಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ಮುಂದೆ ಮೈದಾನದ ಕಡೆಗೂ ಎತ್ತರದ ಬೇಲಿ.

ಮೇಲಿಂದ ಎಲ್ಲ ಕಾಣುತ್ತಿತ್ತು. ಗೋಲ್ ಹಿಂದಿನ 3 ಮತ್ತು 4ನೇ ಪೆನ್ ತುಂಬಿ ತುಳುಕುತ್ತಿದ್ದವು. ಪಕ್ಕದವುಗಳಲ್ಲಿ ಸಿಮೆಂಟ್ ನೆಲ ಕಾಣುವಷ್ಟು ಜಾಗ. ಅಪ್ಪ ಎರಡು ಸಲ ಹೇಳಿದರು, "ಇವರನ್ನು ಯಾಕೆ ಆ ಕಡೆ ಕಳಿಸ್ತಿಲ್ಲ?" ಅಂತ. 13 ವರ್ಷದವನಿಗೆ ಕಂಡದ್ದು ಕಂಟ್ರೋಲ್ ರೂಮಿನಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆ ಕಾಣಲಿಲ್ಲವಾ ಅಂತ ಇವತ್ತಿಗೂ ಕೇಳಿಕೊಳ್ಳುತ್ತೇನೆ.

ಪಂದ್ಯ ಶುರುವಾಗಿ ನಾಲ್ಕೈದು ನಿಮಿಷಕ್ಕೆ ಲಿವರ್‌ಪೂಲ್ ಆಟಗಾರ ಬಿಯರ್ಡ್ಸ್ಲಿ ಹೊಡೆದ ಚೆಂಡು ಗೋಲಿನ ಮೇಲಿನ ಕಂಬಕ್ಕೆ ಬಡಿಯಿತು. ಎಲ್ಲರೂ ಎದ್ದರು, ನಾನೂ ಎದ್ದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ಕೆಳಗೆ 3ನೇ ಪೆನ್‌ನಲ್ಲಿ ಒಂದು ಕಬ್ಬಿಣದ ಅಡ್ಡಗಂಬಿ ಮುರಿಯಿತು. ಅದು ನಮಗೆ ಗೊತ್ತಾಗಲಿಲ್ಲ. ಕಂಡದ್ದು ಕೈಗಳು. ಕೆಳಗಿನಿಂದ ಕೈಗಳು ಮೇಲೆ ಚಾಚಿದ್ದವು. ಮುಂದಿನ ಸಾಲಿನವರು ಬಗ್ಗಿ ಒಬ್ಬೊಬ್ಬರನ್ನೇ ಎಳೆದುಕೊಂಡರು. ಅಪ್ಪ ಹೋಗಿ, ಬಗ್ಗಿದವರ ಬೆಲ್ಟ್ ಹಿಡಿದು ನಿಂತರು, ಅವರು ಬೀಳಬಾರದು ಅಂತ. ಮೂರು ಗಂಟೆ ಆರು ನಿಮಿಷಕ್ಕೆ ರೆಫರಿ ಆಟ ನಿಲ್ಲಿಸಿದರು.

ಆಮೇಲಿನದು ತುಂಡು ತುಂಡಾಗಿ ನೆನಪಿದೆ. ಅಭಿಮಾನಿಗಳು ಜಾಹೀರಾತಿನ ಹಲಗೆ ಕಿತ್ತು, ಅದರ ಮೇಲೆ ಜನರನ್ನು ಮಲಗಿಸಿಕೊಂಡು ಓಡುತ್ತಿದ್ದರು. ಸ್ಟ್ರೆಚರ್ ಇರಲಿಲ್ಲ. ಆಗಲೇ ಪೊಲೀಸರು ಮೈದಾನದ ಅಡ್ಡಕ್ಕೆ ಸಾಲಾಗಿ ನಿಂತಿದ್ದರು, ಎರಡು ತಂಡದವರು ಹೊಡೆದಾಡುತ್ತಾರೆ ಅಂತ. ಹೊಡೆದಾಡುವುದಕ್ಕೆ ಅಲ್ಲಿ ಯಾರಿದ್ದರು?

ಡಾಕ್ಟರ್ ಇದ್ದರೆ ಬನ್ನಿ ಅಂತ ಮೈಕಿನಲ್ಲಿ ಕರೆದರು. ಅಪ್ಪ ನನ್ನ ಭುಜ ಒತ್ತಿ "ಇಲ್ಲೇ ಕೂತಿರು. ನಾನು ಬರೋವರೆಗೂ ಏಳಬೇಡ" ಅಂದು ಇಳಿದರು. ಬಹಳ ಹೊತ್ತು ಬರಲಿಲ್ಲ. ಸ್ಟ್ಯಾಂಡ್ ಖಾಲಿಯಾಯಿತು. ನಾನು ಏಳಲಿಲ್ಲ. ಬಂದಾಗ ಮೈಮೇಲೆ ಕೋಟು ಇರಲಿಲ್ಲ. ಎಲ್ಲಿ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಸ್ನೇಕ್ ಪಾಸ್ ಬೆಟ್ಟದ ದಾರಿಯಲ್ಲಿ ಒಂದು ಕಡೆ ಕಾರು ನಿಲ್ಲಿಸಿ ಇಳಿದು, ನನಗೆ ಬೆನ್ನು ಹಾಕಿ ಕತ್ತಲಾಗುವವರೆಗೂ ನಿಂತಿದ್ದರು.

ಇನ್ನೂ ಇದೆ. ಇವತ್ತಿಗೆ ಇಷ್ಟು ಸಾಕು.

ಮರ್ಸಿ ದಂಡೆ:

ನಮಸ್ಕಾರ. ನಾನು ಕಳೆದ ವರ್ಷವಷ್ಟೇ ಕೆಲಸಕ್ಕೆ ಅಂತ ಲಿವರ್‌ಪೂಲ್‌ಗೆ ಬಂದವನು. ಆಗ ಹುಟ್ಟಿಯೂ ಇರಲಿಲ್ಲ. ಇಲ್ಲಿ ಎಲ್ಲಿ ನೋಡಿದರೂ 97 ಅನ್ನುವ ಸಂಖ್ಯೆ ಕಾಣುತ್ತದೆ, ಅದರಲ್ಲಿ ಸತ್ತವರ ಲೆಕ್ಕ. ಆಫೀಸಿನಲ್ಲಿ ಕೇಳಲು ಹಿಂಜರಿಕೆ. ತಪ್ಪು ತಿಳಿಯಬೇಡಿ, ಕೇಳುತ್ತೇನೆ. ಕಾಲ್ತುಳಿತ ಅಂದರೆ ಜನ ಒಮ್ಮೆಲೇ ನುಗ್ಗಿದ್ದು ತಾನೇ? ಟಿಕೆಟ್ ಇಲ್ಲದವರು ತುಂಬ ಜನ ಬಂದಿದ್ದರು ಅಂತಲೂ ಎಲ್ಲೋ ಕೇಳಿದ್ದೆ. ಅದು ಪೂರ್ತಿ ಸುಳ್ಳಾ?

ಲೆಕ್ಕದವನು:

ಕೇಳಿದ್ದು ಒಳ್ಳೆಯದಾಯಿತು. ನಾನು ಕಟ್ಟಡಗಳ ಸುರಕ್ಷತೆ ನೋಡುವ ಎಂಜಿನಿಯರ್. ಈ ಘಟನೆಯನ್ನು ಕೆಲಸದ ಭಾಗವಾಗಿ ಓದಿದ್ದೇನೆ, ಹಲವು ಸಲ. ನನಗೆ ಆ ದಿನದ ನೆನಪಿಲ್ಲ, ಲೆಕ್ಕ ಮಾತ್ರ ಇದೆ.

ಮೊದಲು 'ಕಾಲ್ತುಳಿತ' ಅನ್ನುವ ಪದ. ಅದನ್ನು ಕೇಳಿದರೆ ಕಣ್ಣ ಮುಂದೆ ಏನು ಬರುತ್ತದೆ? ಓಡುವ ಜನ, ಬಿದ್ದವರನ್ನು ತುಳಿಯುವ ಜನ. ತಪ್ಪು ಕಾಲಿನದು, ಕಾಲು ಜನರದು. ಹಿಲ್ಸ್‌ಬರೋದಲ್ಲಿ ಯಾರೂ ಓಡುತ್ತಿರಲಿಲ್ಲ. ಓಡಲು ಜಾಗ ಎಲ್ಲಿತ್ತು? ಬಹಳ ಜನ ನಿಂತಲ್ಲೇ ಸತ್ತರು. ಎದೆ ಹಿಗ್ಗಲು ಜಾಗ ಇಲ್ಲದೆ ಉಸಿರು ಕಟ್ಟಿತು. ಒಂದು ಚದರ ಮೀಟರಿನಲ್ಲಿ ಆರೇಳು ಮಂದಿ ಸೇರಿದರೆ ಜನರ ಗುಂಪು ನೀರಿನ ಹಾಗೆ ಅಲುಗುತ್ತದೆ. ಒಬ್ಬೊಬ್ಬರ ಇಷ್ಟಾನಿಷ್ಟ ಅಲ್ಲಿ ನಡೆಯುವುದಿಲ್ಲ. ಪಕ್ಕದವನು ಸತ್ತರೂ ಬೀಳುವುದಿಲ್ಲ. ಬೀಳಲೂ ಜಾಗ ಬೇಕಲ್ಲ.

ಇನ್ನು ಬಾಗಿಲಿನ ಲೆಕ್ಕ. ಲೆಪ್ಪಿಂಗ್ಸ್ ಲೇನ್ ಕಡೆಯಿಂದ ನಿಲ್ಲುವ ಜಾಗಕ್ಕೆ ಟಿಕೆಟ್ ಇದ್ದವರು 10,100 ಮಂದಿ. ಅವರಿಗೆ ಇದ್ದ ಟರ್ನ್‌ಸ್ಟೈಲ್ 7. ಒಂದೊಂದಕ್ಕೂ 1,400ಕ್ಕಿಂತ ಜಾಸ್ತಿ ಜನ. ಒಬ್ಬೊಬ್ಬರೇ ತಿರುಗಿಸಿಕೊಂಡು ಒಳಗೆ ಹೋಗುವ ಕಿರಿದಾದ ಬಾಗಿಲು ಅದು. ಮೂರು ಗಂಟೆಗೆ ಮುಂಚೆ ಅಷ್ಟೂ ಜನ ಒಳಗೆ ಹೋಗುವುದು ಆಗದ ಮಾತು. ಹೊರಗೆ ಒತ್ತಡ ಏರಿತು. 2 ಗಂಟೆ 52 ನಿಮಿಷಕ್ಕೆ 'ಗೇಟ್ ಸಿ' ಅನ್ನುವ ದೊಡ್ಡ ಗೇಟು ತೆರೆಯಿತು. ತೆರೆದದ್ದು ಪೊಲೀಸರ ಆದೇಶದ ಮೇಲೆ. ಸುಮಾರು 2,000 ಮಂದಿ ಒಳಗೆ ನಡೆದರು. ಗೇಟ್ ದಾಟಿದರೆ ನೇರ ಎದುರಿಗೆ ಒಂದು ಸುರಂಗ. ಇಳಿಜಾರು. ಅದು ಹೋಗುವುದು ಸೀದಾ 3 ಮತ್ತು 4ನೇ ಪೆನ್‌ಗೆ. ಪಕ್ಕದ ಪೆನ್‌ಗಳಿಗೆ ಬೇರೆ ದಾರಿ ಇತ್ತು, ಆದರೆ ಅದನ್ನು ತೋರಿಸುವ ಬೋರ್ಡ್ ಸರಿಯಾಗಿ ಇರಲಿಲ್ಲ. ಹಿಂದಿನ ವರ್ಷ ಆ ಪೆನ್‌ಗಳು ತುಂಬಿದ ಮೇಲೆ ಸುರಂಗದ ಬಾಯಿ ಮುಚ್ಚಿ ಜನರನ್ನು ಪಕ್ಕಕ್ಕೆ ತಿರುಗಿಸಿದ್ದರು. ಈ ಸಲ ಯಾರೂ ಮುಚ್ಚಲಿಲ್ಲ. ಆ ಎರಡು ಪೆನ್‌ಗೆ ಕಾಗದದ ಮೇಲೆ 2,200 ಮಂದಿಯ ಲೆಕ್ಕ. ನಿಜವಾಗಿ ನೋಡಿದರೆ ಅಷ್ಟೂ ಹಿಡಿಸುತ್ತಿರಲಿಲ್ಲ. ಇದ್ದವರು 3,000ಕ್ಕೂ ಜಾಸ್ತಿ.

ಟಿಕೆಟ್ ಇಲ್ಲದವರ ಮಾತು: ಆ ಟೆರೇಸ್‌ಗೆ ಒಟ್ಟು ಬಂದವರ ಸಂಖ್ಯೆ ಟಿಕೆಟ್ ಸಂಖ್ಯೆಗೆ ಹೆಚ್ಚುಕಡಿಮೆ ಸರಿಹೋಗುತ್ತದೆ ಅಂತ ತನಿಖೆಯಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಜನ ಹೆಚ್ಚಾದದ್ದಲ್ಲ. ಒಂದೇ ಕಡೆ ಹೋದದ್ದು. ಹೋಗಲು ಬಿಟ್ಟದ್ದು.

ನನಗೆ ಸಿಟ್ಟು ಬರುವುದು 1981ನ್ನು ನೆನೆದಾಗ. ಅದೇ ಮೈದಾನ, ಅದೇ ತುದಿ, ಇನ್ನೊಂದು ಸೆಮಿಫೈನಲ್. ಆಗಲೂ ಇಕ್ಕಟ್ಟಾಗಿ 38 ಮಂದಿಗೆ ಗಾಯವಾಗಿತ್ತು. ಎಚ್ಚರಿಕೆ ಎಂಟು ವರ್ಷ ಮೊದಲೇ ಬಂದಿತ್ತು.

ನೀಲಿ ಮನೆ:

ನಮ್ಮದು ಎವರ್ಟನ್ ಮನೆ. ಲಿವರ್‌ಪೂಲ್ ಊರಿನದೇ ಇನ್ನೊಂದು ತಂಡ ಅದು. ಮದುವೆಯಾಗಿ ಬಂದು ಎರಡು ವರ್ಷ ಆಗಿತ್ತು ನನಗೆ. ಯಜಮಾನರು ಇಲ್ಲಿಯವರೇ. ಅವರು ಎವರ್ಟನ್‌ನ ನೀಲಿ, ಮೈದುನ ಲಿವರ್‌ಪೂಲ್‌ನ ಕೆಂಪು. ಲಿವರ್‌ಪೂಲ್‌ನಲ್ಲಿ ಒಂದೇ ಮನೆಯಲ್ಲಿ ಹೀಗೆ ಇರುವುದು ತೀರಾ ಸಾಮಾನ್ಯ. ಆವತ್ತು ಇನ್ನೊಂದು ಸೆಮಿಫೈನಲ್ಲೂ ಇತ್ತು, ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ, ಎವರ್ಟನ್‌ಗೂ ನಾರ್ವಿಚ್‌ಗೂ. ಬೆಳಿಗ್ಗೆ ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ ಹೊರಟರು. "ಫೈನಲ್‌ನಲ್ಲಿ ಸಿಗೋಣ" ಅಂತ ಬಾಗಿಲಲ್ಲಿ ಕೈ ಕುಲುಕಿದರು.

ಎವರ್ಟನ್ 1-0 ಗೆದ್ದಿತು. ಯಜಮಾನರು ಕುಣಿಯುತ್ತ ಹೊರಗೆ ಬಂದಾಗ ಯಾರದೋ ಕೈಯಲ್ಲಿ ಟ್ರಾನ್ಸಿಸ್ಟರ್. ಅದರ ಸುತ್ತ ನಿಂತವರು ಯಾರೂ ಮಾತಾಡುತ್ತಿರಲಿಲ್ಲವಂತೆ. ಬಸ್ಸಿನಲ್ಲಿ ಮನೆವರೆಗೂ ಒಬ್ಬರೂ ಗೆದ್ದ ಮಾತು ಎತ್ತಲಿಲ್ಲವಂತೆ.

ಮನೆಯಲ್ಲಿ ನಾನು ಮತ್ತು ಅತ್ತೆ. ಟಿವಿಯಲ್ಲಿ ಹೇಳುತ್ತಿದ್ದ ಸಂಖ್ಯೆ ಏರುತ್ತಲೇ ಇತ್ತು. ಕೊಟ್ಟ ಫೋನ್ ನಂಬರ್ ಯಾವಾಗ ತಿರುಗಿಸಿದರೂ ಎಂಗೇಜ್. ಅತ್ತೆ ಅಳಲಿಲ್ಲ. ಬ್ರೆಡ್ ಕೊಯ್ಯುತ್ತಾ ಬೆಣ್ಣೆ ಹಚ್ಚುತ್ತಾ ಕೂತರು. ಮನೆಯಲ್ಲಿದ್ದ ಬ್ರೆಡ್ ಎಲ್ಲ ಮುಗಿದ ಮೇಲೆ ಪಕ್ಕದ ಮನೆಯಿಂದ ತರಲು ನನ್ನನ್ನು ಕಳಿಸಿದರು. ಪಕ್ಕದವರು ಯಾಕೆ ಅಂತ ಕೇಳದೆ ಕೊಟ್ಟರು. ಮೈದುನ ಬಂದದ್ದು ರಾತ್ರಿ ಒಂದೂವರೆಗೆ. ಅತ್ತೆ ಅವನ ಮುಖ ಮುಟ್ಟಿ ನೋಡಿದರು. ಆಮೇಲೆ "ತಿನ್ನು" ಅಂದರು. ಆ ರಾತ್ರಿ ಅವರು ಅವನಿಗೆ ಹೇಳಿದ್ದು ಅದೊಂದೇ ಮಾತು. ಅವನು ಹುಡುಕುತ್ತಿದ್ದ ಗೆಳೆಯ ಬರಲಿಲ್ಲ.

ಒಂದು ವಾರದ ಮೇಲೆ, ಅಂದರೆ 22ನೇ ತಾರೀಖು, ಎವರ್ಟನ್‌ನ ಗುಡಿಸನ್ ಪಾರ್ಕ್‌ನಿಂದ ಲಿವರ್‌ಪೂಲ್‌ನ ಆನ್‌ಫೀಲ್ಡ್‌ವರೆಗೆ ಸ್ಟಾನ್ಲಿ ಪಾರ್ಕ್ ದಾಟಿ ಸ್ಕಾರ್ಫ್‌ಗಳನ್ನು ಒಂದಕ್ಕೊಂದು ಗಂಟು ಹಾಕಿ ಕಟ್ಟಿದರು. ಕೆಂಪು, ನೀಲಿ, ಕೆಂಪು, ನೀಲಿ. ಯಜಮಾನರ ಸ್ಕಾರ್ಫೂ ಮೈದುನನದೂ ಅದರಲ್ಲಿವೆ. ಮೂರು ಗಂಟೆ ಆರು ನಿಮಿಷಕ್ಕೆ ಇಡೀ ಊರು ನಿಂತಿತು. ಆ ವಾರ ಆನ್‌ಫೀಲ್ಡ್ ಹುಲ್ಲಿನ ಮೇಲೆ ಹೂ ಹಾಸಿದ್ದು ಅರ್ಧ ಮೈದಾನ ದಾಟಿತ್ತು. ಹತ್ತಿರ ಹೋದರೆ ಹೂವಿನ ವಾಸನೆಗೆ ತಲೆ ಸುತ್ತುತ್ತಿತ್ತು.

ಹಳೇ ರೇಡಿಯೊ ಅವರೇ, ನೀವು ಹೇಳಿದ ಆ ಪತ್ರಿಕೆಯ ಹೆಸರು ನಮ್ಮ ಮನೆಯಲ್ಲಿ ಆವತ್ತಿನಿಂದ ಇವತ್ತಿನವರೆಗೆ ಯಾರೂ ಬಾಯಿಬಿಟ್ಟು ಹೇಳಿಲ್ಲ. ಈ ಊರಿನ ಎಷ್ಟೋ ಅಂಗಡಿಗಳಲ್ಲಿ ಅದು ಸಿಗುವುದೂ ಇಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ. ಸ್ವಲ್ಪ ಇದೆ. ಆದರೆ ನೀವಾಗಿಯೇ ಹೇಳಿದಿರಿ. ಹಾಗೆ ಹೇಳಿದ ಇನ್ನೊಬ್ಬರನ್ನು ನಾನು ನೋಡಿಲ್ಲ.

ನೈಟ್ ಡ್ಯೂಟಿ:

ಶೆಫೀಲ್ಡ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಡ್ಯೂಟಿ ರಾತ್ರಿಯದು, ಆದರೆ ರೇಡಿಯೊ ಕೇಳಿ ನಾಲ್ಕಕ್ಕೇ ಹೋದೆ. ನನ್ನಂತೆ ರಜೆಯಲ್ಲಿದ್ದವರೆಲ್ಲ ಬಂದಿದ್ದರು, ಯಾರೂ ಕರೆದಿರಲಿಲ್ಲ.

ತುಂಬ ಬರೆಯಲಾರೆ. ಒಂದೇ ವಿಷಯ. ಮನೆಯವರು ಬಂದು ಗುರುತು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. "ವಯಸ್ಸು 19, ಕೆಂಪು ಜರ್ಸಿ, ಜೀನ್ಸ್." ಮುಂದಿನವರು. "ವಯಸ್ಸು 17, ಕೆಂಪು ಜರ್ಸಿ, ಜೀನ್ಸ್." ಪುಟ ತುಂಬ ಅದೇ. ಒಬ್ಬ ತಾಯಿ ಬಂದು "ಎಡ ಕಾಲಿನ ಸಾಕ್ಸ್‌ನಲ್ಲಿ ತೂತು ಇದೆ, ನಾನು ಹೊಲಿಯಬೇಕು ಅಂತಿದ್ದೆ" ಅಂದರು. ಆ ಸಾಕ್ಸ್ ನಮ್ಮ ವಾರ್ಡಿನಲ್ಲಿತ್ತು. ಹುಡುಗ ಬದುಕಿದ್ದ. ಆ ರಾತ್ರಿ ನಾನು ಕೊಟ್ಟ ಒಳ್ಳೆಯ ಸುದ್ದಿ ಅದೊಂದೇ.

ಮರ್ಸಿ ದಂಡೆ:

ಎಲ್ಲರಿಗೂ ಕ್ಷಮೆ ಕೇಳುತ್ತೇನೆ. ನಾನು ಕೇಳಿದ ಪ್ರಶ್ನೆಯಲ್ಲೇ ಅರ್ಧ ತೀರ್ಪು ಇತ್ತು ಅಂತ ಈಗ ಕಾಣುತ್ತಿದೆ. ಇನ್ನೊಂದೇ ಕೇಳುತ್ತೇನೆ. ನಿಜ ಹೊರಗೆ ಬರಲು ಅಷ್ಟು ವರ್ಷ ಯಾಕೆ ಹಿಡಿಯಿತು?

ಲೆಕ್ಕದವನು:

ಅದೇ ವರ್ಷ ಆಗಸ್ಟ್‌ನಲ್ಲೇ ನ್ಯಾಯಮೂರ್ತಿ ಟೇಲರ್ ಅವರ ಮೊದಲ ವರದಿ ಬಂತು. ಮುಖ್ಯ ಕಾರಣ ಪೊಲೀಸರ ನಿಯಂತ್ರಣ ಕೈತಪ್ಪಿದ್ದು ಅಂತ ಅದರಲ್ಲಿ ಸ್ಪಷ್ಟವಾಗಿತ್ತು. 1990ರ ಜನವರಿಯ ಕೊನೆಯ ವರದಿಯಿಂದ ದೊಡ್ಡ ಮೈದಾನಗಳಲ್ಲಿ ನಿಲ್ಲುವ ಜಾಗ ಹೋಗಿ ಕುರ್ಚಿ ಬಂತು, ಮುಂದಿನ ಬೇಲಿ ಹೋಯಿತು. ಅಂದರೆ ಎಂಜಿನಿಯರುಗಳಿಗೆ ಒಂದೇ ವರ್ಷದಲ್ಲಿ ಉತ್ತರ ಸಿಕ್ಕಿತು. ಮನೆಯವರಿಗೆ ಸಿಗಲಿಲ್ಲ. 1991ರಲ್ಲಿ ಇನ್‌ಕ್ವೆಸ್ಟ್, ಅಂದರೆ ಸಾವು ಹೇಗಾಯಿತು ಅಂತ ನೋಡುವ ವಿಚಾರಣೆ, 'ಆಕಸ್ಮಿಕ ಸಾವು' ಅಂದಿತು.

2012ರ ಸೆಪ್ಟೆಂಬರ್‌ನಲ್ಲಿ ಸ್ವತಂತ್ರ ಸಮಿತಿ ದಾಖಲೆಗಳನ್ನೆಲ್ಲ ತೆರೆದಿಟ್ಟಿತು. 164 ಪೊಲೀಸ್ ಹೇಳಿಕೆಗಳನ್ನು ತಿದ್ದಿದ್ದರು. ಅದರಲ್ಲಿ 116ರಲ್ಲಿ ಪೊಲೀಸರಿಗೆ ಮುಜುಗರವಾಗುವ ಮಾತುಗಳನ್ನು ತೆಗೆದಿದ್ದರು. ಸತ್ತವರ ರಕ್ತದಲ್ಲಿ ಮದ್ಯ ಇದೆಯಾ ಅಂತ ಪರೀಕ್ಷೆ ಮಾಡಿದ್ದರು, ಮಕ್ಕಳದ್ದೂ ಸೇರಿ. ಸತ್ತವರಲ್ಲಿ ಅತಿ ಚಿಕ್ಕವನಿಗೆ 10 ವರ್ಷ. ಪ್ರಧಾನಿ ಡೇವಿಡ್ ಕ್ಯಾಮರೂನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಹಳೆಯ ತೀರ್ಪು ರದ್ದಾಯಿತು. ವಾರಿಂಗ್‌ಟನ್‌ನಲ್ಲಿ ಹೊಸ ಇನ್‌ಕ್ವೆಸ್ಟ್ ಎರಡು ವರ್ಷ ನಡೆಯಿತು. ಗೇಟ್ ಮುರಿದರು ಅನ್ನುವುದು ತಾನು ಹೇಳಿದ ಸುಳ್ಳು ಅಂತ ಆವತ್ತಿನ ಹೊಣೆ ಹೊತ್ತಿದ್ದ ಅಧಿಕಾರಿಯೇ 2015ರಲ್ಲಿ ಅಲ್ಲಿ ಒಪ್ಪಿಕೊಂಡರು. 26 ಏಪ್ರಿಲ್ 2016ರಂದು ಜ್ಯೂರಿ ಹೇಳಿತು: 96 ಮಂದಿಯದು ಕಾನೂನುಬಾಹಿರ ಹತ್ಯೆ, ಅಭಿಮಾನಿಗಳ ನಡತೆ ಕಾರಣವಲ್ಲ. ಆದರೂ ಸಾವುಗಳಿಗಾಗಿ ಆ ಅಧಿಕಾರಿಯ ಮೇಲೆ ನಡೆದ ಮೊಕದ್ದಮೆ 2019ರಲ್ಲಿ ಖುಲಾಸೆಯಲ್ಲಿ ಮುಗಿಯಿತು. 97ನೆಯವರು ಆವತ್ತಿನ ಗಾಯದಿಂದಲೇ 2021ರಲ್ಲಿ ತೀರಿಕೊಂಡರು. 32 ವರ್ಷದ ಮೇಲೆ.

ಕೆಂಪು ಮಫ್ಲರ್:

ಉಳಿದದ್ದು ಹೇಳುತ್ತೇನೆ. ಲೆಕ್ಕದವರು ಒಂದು ವಿಷಯ ಬಿಟ್ಟರು, ಅದು ನಮ್ಮ ಮನೆಯದು.

ಮೊದಲ ಇನ್‌ಕ್ವೆಸ್ಟ್‌ನಲ್ಲಿ ಒಂದು ಗೆರೆ ಎಳೆದಿದ್ದರು. 3 ಗಂಟೆ 15 ನಿಮಿಷ. ಅಷ್ಟು ಹೊತ್ತಿಗೆ ಎಲ್ಲರಿಗೂ ಉಳಿಸಲಾಗದಷ್ಟು ಪೆಟ್ಟಾಗಿತ್ತು, ಹಾಗಾಗಿ ಆಮೇಲೆ ನಡೆದದ್ದನ್ನು ಕೇಳುವುದು ಬೇಡ ಅಂತ. ಅಪ್ಪ ತಾವು ಕಂಡದ್ದನ್ನೆಲ್ಲ ಬರೆದು ಕೊಟ್ಟಿದ್ದರು. ಯಾರೂ ಕರೆಯಲಿಲ್ಲ. ಅವರು ಕೆಳಗಿಳಿದದ್ದೇ ಮೂರೂವರೆ ಹೊತ್ತಿಗೆ. ಒಂದು ದಿನ ಊಟಕ್ಕೆ ಕೂತಾಗ ಅಮ್ಮನನ್ನು ಕೇಳಿದರು, "ಹಾಗಾದ್ರೆ ನಾನು ಕಂಡದ್ದು ನಡೆದೇ ಇಲ್ವಾ?" ಅಮ್ಮ ಏನು ಹೇಳಬೇಕು?

40ಕ್ಕೂ ಜಾಸ್ತಿ ಆಂಬುಲೆನ್ಸ್‌ಗಳು ಮೈದಾನದ ಹೊರಗೆ ಬಂದು ನಿಂತಿದ್ದವು. ಒಳಗೆ ಹುಲ್ಲಿನ ಮೇಲೆ ಬಂದವು ಎರಡೋ ಮೂರೋ. ಅಪ್ಪನ ಕೈಯಲ್ಲಿ ಆಕ್ಸಿಜನ್ ಇರಲಿಲ್ಲ, ಏನೂ ಇರಲಿಲ್ಲ. ಬರಿಗೈ. 2012ರ ವರದಿಯಲ್ಲಿ 41 ಮಂದಿ ಬದುಕಬಹುದಿತ್ತು ಅಂತ ಬಂತು. ಊರಿನಲ್ಲಿ ಜನ ಬೀದಿಗೆ ಬಂದು ಅತ್ತರು, ತಬ್ಬಿಕೊಂಡರು. ಅಪ್ಪ ಬೇರೆ ಥರ ಅತ್ತರು. ಅವರು ಮಂಡಿಯೂರಿ ಕೂತದ್ದು ಇಬ್ಬರ ಪಕ್ಕದಲ್ಲಿ. ಆ 41ರಲ್ಲಿ ಅವರಿಬ್ಬರು ಇದ್ದಾರಾ ಅಂತ ಕೊನೆಯವರೆಗೂ ಹುಡುಕಿದರು. ಮುಖ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ.

2014ರಲ್ಲಿ ಹೋಗಿಬಿಟ್ಟರು. ತೀರ್ಪು ಕೇಳಲಿಲ್ಲ. ಬಂದ ದಿನ ನಾನು ಸುಮ್ನೆ ಅವರ ಕುರ್ಚಿಯಲ್ಲಿ ಹೋಗಿ ಕೂತಿದ್ದೆ.

ನೀಲಿ ಮನೆ:

ತಮ್ಮಾ, ನಿಮ್ಮ ಅಪ್ಪನ ಕೋಟು ಯಾರ ಮೇಲೆ ಇತ್ತೋ, ಅವರ ಮನೆಯವರು ಅದನ್ನು ನೋಡಿರುತ್ತಾರೆ. ಯಾರೋ ಒಬ್ಬರು ತಮ್ಮ ಮಗನಿಗೆ ಹೊದಿಸಿದ್ದರು ಅನ್ನುವುದು ಅವರಿಗೆ ಗೊತ್ತಿರುತ್ತದೆ. ನನ್ನ ಮೈದುನನ ಗೆಳೆಯನ ತಾಯಿ ಆ ಥರದ ಒಂದೊಂದು ವಿಷಯವನ್ನೂ ಕೇಳಿ ಕೇಳಿ ತಿಳಿದುಕೊಂಡರು. ಕೊನೆಗೆ ಯಾರ ಕೈ ಹಿಡಿದಿದ್ದರು, ಯಾರು ಮಾತಾಡಿಸಿದರು ಅಂತ.

ಇನ್ನೊಂದು ಮಾತು, ಪದದ ಬಗ್ಗೆ. ಕಾಲ್ತುಳಿತ ಅನ್ನಬೇಡಿ ಅಂದಿರಿ. ನೂಕುನುಗ್ಗಲು ಅಂದರೂ ಯಾರೋ ನೂಕಿದರು ಅಂತಲೇ ಆಗುತ್ತದೆ, ಅಲ್ವಾ? ನಮ್ಮ ಅಜ್ಜಿ 'ಇರುಕು' ಅನ್ನುತ್ತಿದ್ದರು, ಬಾಗಿಲ ಸಂದಿಯಲ್ಲಿ ಬೆರಳು ಸಿಕ್ಕಿದರೆ. ಇರುಕಿನಲ್ಲಿ ಸಿಕ್ಕಿಕೊಂಡರು. ಅದರಲ್ಲಿ ಸಿಕ್ಕಿದವರ ತಪ್ಪು ಇಲ್ಲ.

ಲೆಕ್ಕದವನು:

ಅಕ್ಕ, ಅದು ಸರಿಯಾದ ಪದ. ನಾನು ಇನ್ನು ಮುಂದೆ ಅದನ್ನೇ ಬಳಸುತ್ತೇನೆ.

ಹಳೇ ರೇಡಿಯೊ:

ಮೇಲೆ ನಾನು ಬರೆದದ್ದನ್ನು ಮತ್ತೆ ಓದಿದೆ. ಮೊದಲ ಪ್ಯಾರಾದಲ್ಲೇ 'ಕಾಲ್ತುಳಿತ' ಅಂತ ಬರೆದಿದ್ದೇನೆ. ಇಷ್ಟೆಲ್ಲ ತಿಳಿದ ಮೇಲೂ ಕೈ ತಾನಾಗಿ ಬರೆಯಿತು. ಅಳಿಸಬೇಕು ಅಂದುಕೊಂಡೆ. ಬೇಡ, ಇರಲಿ. ಕೆಳಗೆ ನಿಮ್ಮ ಮಾತುಗಳಿವೆ, ಓದುವವರು ಅವನ್ನೂ ಓದುತ್ತಾರೆ.

2016ರ ತೀರ್ಪು ಬಂದ ವಾರ ಆ ಸಹೋದ್ಯೋಗಿಯ ವಿಳಾಸ ಹುಡುಕಿ ಕಾಗದ ಬರೆದೆ. ನಾನು ಆವತ್ತು ಹೇಳಿದ್ದು ಸುಳ್ಳು, ನಮ್ಮ ಮನೆಗೆ ಬಂದ ಹುಡುಗರನ್ನು ಕಣ್ಣಾರೆ ಕಂಡಿದ್ದೆ, ಆದರೂ ಹೇಳಿದೆ ಅಂತ. ಅವರು ಉತ್ತರ ಬರೆದರು. ಎರಡೇ ಸಾಲು. ಕ್ಷಮಿಸಿದ್ದೇನೆ ಅಂತ ಇರಲಿಲ್ಲ. "ಆ ಹುಡುಗರ ಬಗ್ಗೆ ಇನ್ನೂ ಏನಾದರೂ ನೆನಪಿದ್ದರೆ ಬರೆಯಿರಿ. ನಮ್ಮ ಕಡೆಯವನೂ ಒಬ್ಬ ಆ ಬೀದಿಯಿಂದ ಫೋನ್ ಮಾಡಿದ್ದ" ಅಂತ ಇತ್ತು.

ಬರೆದೆ. ಯಾರು ಯಾವ ಬಣ್ಣದ ಕಪ್ಪಿನಲ್ಲಿ ಟೀ ಕುಡಿದರು ಅನ್ನುವುದೂ ಸೇರಿ, ನೆನಪಿದ್ದಷ್ಟೂ ಬರೆದೆ. ಒಂದು ಕಾಲಲ್ಲಿ ಶೂ ಇಲ್ಲದ ಹುಡುಗನದು ಬೇರೆ ಹಾಳೆಯಲ್ಲಿ ಬರೆದು ಇಟ್ಟೆ.